ಬಿಟ್ಟ ಕಾರಣ

ಗೆದ್ದಲು ಮೊದಲು ತಿಂದದ್ದು ಗಣಿತದ ಅಂಕಪಟ್ಟಿ,
ಆಮೇಲೆ ಹಾಸ್ಟೆಲಿನ ರಾಗಿ ಲೆಕ್ಕ.
ದಾಖಲಾತಿ ಪುಸ್ತಕದ ರಟ್ಟಿಗೆ ಬಾಯಿ ಹಾಕುವಷ್ಟರಲ್ಲಿ
ಹೊಸ ಹೆಡ್‌ಮಾಸ್ಟರು ಫಾದರ್ ಮಿನೇಜಸ್ ಕಂಡು,
"ಇನ್ನಾಸಪ್ಪ, ರಜೆಯೊಳಗೆ ನಕಲು ಮಾಡಿಬಿಡಿ,
ಅಕ್ಷರಕ್ಕೆ ಅಕ್ಷರ. ತಪ್ಪಿದ್ದರೆ ತಪ್ಪೂ ಸೇರಿ" ಅಂದರು.

ಹಾಗಾಗಿ ಏಪ್ರಿಲಿನ ಖಾಲಿ ಶಾಲೆಯಲ್ಲಿ
ನಾನು, ಒಂದು ಟೇಬಲ್ ಫ್ಯಾನು,
ಮತ್ತು ಚಿಕ್ಕಮಗಳೂರಿನ ಮೂರು ಸಾವಿರದಿನ್ನೂರು ಹುಡುಗರು.

ಮೊದಲ ಪುಟ ನೇರಳೆ ಶಾಯಿ.
ಫಾದರ್ ಗಿಲ್ಬೇರ್, ಫ್ರಾನ್ಸಿನ ಯಾವುದೋ ದನ ಕಾಯುವ ಊರಿನವರು,
ಕನ್ನಡ ಕಲಿತದ್ದು ಬುಧವಾರದ ಸಂತೆಯಲ್ಲಂತೆ.
ಲ, ಳ ಎರಡಕ್ಕೂ ಅವರದು ಒಂದೇ ತಕ್ಕಡಿ.
ಒಂದನೇ ನಂಬರು ರಾಯಪ್ಪ. ತಂದೆ ಚವರಿಯಪ್ಪ, ಬಂಡಿ ಹೊಡೆಯುವುದು.
ಎರಡು ಸತ್ತಾರ್. ತಂದೆ ಇಲ್ಲ. ತಾತ ಎತ್ತಿಗೆ ಲಾಲ ಕಟ್ಟುವುದು.
(ಲಾಲ ಎಂದೇ ಬರೆದೆ.)
ಮೂರು ಧರಣೇಂದ್ರ, ಜವಳಿ ಅಂಗಡಿಯ ಪದ್ಮಯ್ಯನವರ ಮಗ,
'ಮೊಟ್ಟೆ ಇಟ್ಟ ತಟ್ಟೆ ಬೇಡ' ಎಂದು ಅಂಚಿನಲ್ಲಿ ಸಣ್ಣಕ್ಷರ.
ಶಾಲೆ ಅಂದರೆ ಆಗ ಒಂದು ಕುದುರೆ ಲಾಯ.
ಬೆಂಚಿಲ್ಲ. ಕ್ಯೂರಿಂಗ್ ವರ್ಕ್ಸಿನವರು ಕೊಟ್ಟ ಗೋಣಿಚೀಲ,
ಕೂತೆದ್ದರೆ ಚಡ್ಡಿ ತುಂಬ ಕಾಫಿ ಹೊಟ್ಟು.

ಯಾರಿಗೂ ಹುಟ್ಟಿದ ದಿನ ಗೊತ್ತಿರಲಿಲ್ಲ.
'ಹುಚ್ಚೆಳ್ಳು ಹೂ ಬಿಟ್ಟಾಗ', 'ಪ್ಲೇಗಿನ ಮಾರನೇ ವರ್ಷ',
'ನಮ್ಮ ಎಮ್ಮೆ ಈದ ರಾತ್ರಿ':
ಅಮ್ಮಂದಿರಿಗೆ ಅಷ್ಟು ಸಾಕಿತ್ತು, ಸರ್ಕಾರಕ್ಕೆ ಸಾಲದು.
ಫಾದರ್ ಪಂಚಾಂಗ ತೆಗೆಯುವರು, ಅವರ ಪಂಚಾಂಗ, ಸಂತರದ್ದು,
ಖಾಲಿ ಇರುವ ಹಬ್ಬ ನೋಡಿ ಒಬ್ಬೊಬ್ಬನಿಗೆ ಒಂದು ಹಂಚುವರು.
ಸತ್ತಾರ್ ಹುಟ್ಟಿದ್ದು ಸಂತ ಲೋರೆನ್ಸರ ದಿನ.
ಧರಣೇಂದ್ರ, ಹಕ್ಕಿಗಳ ಜೊತೆ ಮಾತಾಡಿದ ಫ್ರಾನ್ಸಿಸರ ದಿನ.
ಮುಂದೆ ಬಂದ ಫಾದರ್ ಕಾಸ್ಮಿರರಿಗೆ ಅಷ್ಟು ಪುರುಸೊತ್ತಿಲ್ಲ,
ಪುಟಗಟ್ಟಲೆ ಜೂನ್ ಒಂದು, ಜೂನ್ ಒಂದು,
ಇಡೀ ಊರು ಒಂದೇ ಬೆಳಿಗ್ಗೆ ಹೆತ್ತ ಹಾಗೆ.

ನನ್ನದೂ ಜೂನ್ ಒಂದೇ. ಪೆನ್ಷನ್ನೂ ಅದೇ ಲೆಕ್ಕದಲ್ಲಿ.

ಕೊನೆಯ ಕಾಲಂ, ಶಾಲೆ ಬಿಟ್ಟ ಕಾರಣ.
ಇಲ್ಲಿ ಪೆನ್ನು ನಿಧಾನ.
'ಪಾಸು.' 'ನಪಾಸು.' 'ತಂದೆಗೆ ವರ್ಗ.'
'ಸೆಮಿನರಿಗೆ.' ಎರಡು ವರ್ಷ ಬಿಟ್ಟು ಅದೇ ಹುಡುಗ, 'ಸೆಮಿನರಿಯಿಂದ ವಾಪಸು.'
'ಫುಟ್‌ಬಾಲಿನಲ್ಲಿ ಕಾಲು.'
'ಗಂಟೆ ಕದ್ದದ್ದು.' ಇದರ ಕತೆ ನಾವೆಲ್ಲ ಕೇಳಿಯೇ ಬೆಳೆದದ್ದು:
ಕಡೂರಿನಿಂದ ತಂದ ರೈಲುಕಂಬಿಯ ತುಂಡು ನಮ್ಮ ಗಂಟೆ,
ಮುದ್ದೇಗೌಡ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬಾವಿಗಿಳಿಸಿದ,
ಗಂಟೆಯಿಲ್ಲದೆ ಪರೀಕ್ಷೆ ಹೇಗೆ ಶುರುವಾದೀತು ಎಂದು.
ಜವಾನ ಸಂತಿಯಾಗು ಹಿತ್ತಾಳೆ ತಟ್ಟೆ ಬಡಿದ. ಶುರುವಾಯಿತು.
ಬೇಸಗೆಯಲ್ಲಿ ತಳ ಕಂಡಾಗ ಹೂಳು ತೆಗೆಯಲು ಕೂಲಿಗೆ ಬಂದು
ಅದನ್ನು ಹೊತ್ತು ಮೇಲೆ ಬಂದವನೂ ಮುದ್ದೇಗೌಡನೇ.
ಹೊರಗೆ ಹಾಕಿದವರು ಒಳಗೆ ಸೇರಿಸಲಿಲ್ಲ.

ಆರುನೂರ ಹನ್ನೊಂದು.
ಅರುಳಪ್ಪ. ತಾಯಿ ಮದಲೇನಮ್ಮ, ಕಾಫಿ ಬೀಜ ಆರಿಸುವುದು.
ನಾಲ್ಕನೇ ಫಾರಂ. ಸೇರಿದ ದಿನ ಇದೆ,
ಬಿಟ್ಟ ದಿನ ಇಲ್ಲ. ಕಾರಣದಲ್ಲಿ ಬರೇ ಕಾಗದ.

ಸಂತಿಯಾಗುವಿಗೆ ಈಗ ತೊಂಬತ್ತು. ಇಗರ್ಜಿ ಮೆಟ್ಟಿಲ ಮೇಲೆ
ಬಿಸಿಲು ಕಾಯಿಸುತ್ತ ಕೂತಿರುತ್ತಾರೆ. ಕೇಳಿದೆ.

"ಆ ಹುಡುಗನಾ?
ಮಧ್ಯಾಹ್ನದ ಗಂಟೆ ಹೊಡೆದೆ, ಹೊರಗೆ ಹೋದ.
ಒಳಗೆ ಬರೋ ಗಂಟೇನೂ ನಾನೇ ಹೊಡೆದದ್ದು."

ಬಹಳ ಹೊತ್ತಿನ ಮೇಲೆ,
"ತಾಯಿ ಮಾತ್ರ ಬರೋಳು. ತಿಂಗಳ ಕೊನೆ, ಸೆರಗಿನ ಗಂಟು ಬಿಚ್ಚಿ
ಎಂಟಾಣೆ ಫೀಸು ಇಡೋಳು. ಹೆಸರು ಹೊಡೀಬೇಡಿ ಸ್ವಾಮಿ, ಅನ್ನೋಳು.
ಫಾದರ್ ಎದ್ದು ನಿಂತು ರಶೀದಿ ಬರೆದು ಕೊಡೋರು.
ಒಂದು ವರ್ಷ. ಆಮೇಲೆ ಅವಳೂ ಬರಲಿಲ್ಲ."

ಖಾನೆ ಖಾಲಿ ಬಿಟ್ಟರೆ ಇನ್‌ಸ್ಪೆಕ್ಟರು ಕೆಂಪು ಗೀಟು ಹಾಕುತ್ತಾರೆ.
'ಗೈರುಹಾಜರಿ' ಅಂತ ನಾಲ್ಕು ಕಡೆ ಬರೆದ ಕೈ ಇದು,
ಐದನೆಯದು ಕಷ್ಟವಲ್ಲ.
ಪೆನ್ನಿನ ತುದಿ ಕಾಗದ ಮುಟ್ಟಿ ಒಂದು ಚುಕ್ಕಿ ಆಯಿತು,
ಅದನ್ನು ಬ್ಲೇಡಿನಿಂದ ಹೆರೆದೆ.
ಲೆಕ್ಕದ ಪ್ರಕಾರ ಹುಡುಗ ಇನ್ನೂ ನಾಲ್ಕನೇ ಫಾರಂ.
ಫೀಸು ಕಟ್ಟಿದೆ.

ಫ್ಯಾನಿಗೆ ಹಾಳೆ ಹಾರದಂತೆ ಮೊಣಕೈ ಊರಿ
ಆರುನೂರ ಹನ್ನೆರಡು ಬರೆದೆ:
ವಾಮನ ಕಿಣಿ. ತಂದೆ ಪೋಸ್ಟ್ ಮಾಸ್ಟರು.
ಬಿಟ್ಟ ಕಾರಣ, ತಂದೆಗೆ ವರ್ಗ.