ಉಪ್ಪು ತಿಂದದ್ದು

ಮಿರ್ಫಾದ ಆಚೆ, ಸಬ್ಖಾ ಬಯಲಲ್ಲಿ
ನೆಲವೂ ಉಪ್ಪು, ಗಾಳಿಯೂ ಉಪ್ಪು.
ಬೆಳಗಿನ ಐದಕ್ಕೆ ಟ್ಯಾಂಕರಿನಿಂದ ಇಳಿದರೆ
ಮೊದಲು ಕಿವಿ ಕೆಲಸಕ್ಕೆ ಹಾಜರು:
ಮೇಲೆ ಕತ್ತಲಲ್ಲಿ ಪಿಂಗಾಣಿ ಬಿಲ್ಲೆಗಳ ಸರ
ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ
ಚುರುಚುರು ಅನ್ನುತ್ತಿರುತ್ತದೆ.
ಕಣ್ಣು ಪಳಗಿದ ಮೇಲೆ ಕಾಣುವುದು
ಬಿಲ್ಲೆಯಿಂದ ಬಿಲ್ಲೆಗೆ ತೆವಳುವ
ಸಣ್ಣ ನೀಲಿ ಹುಳ.

ಎಂಟು ತಿಂಗಳಿಂದ ಮಳೆಯಿಲ್ಲ.
ಕಡಲು ಉಗಿದದ್ದು, ಮರಳು ತೂರಿದ್ದು
ಎಲ್ಲ ಮೆತ್ತಿಕೊಂಡು ಕೂತಿದೆ.
ಒಣಗಿರುವಷ್ಟು ಹೊತ್ತು ತಂಟೆಯಿಲ್ಲ.
ಇಬ್ಬನಿ ಬಿತ್ತೋ, ಉಪ್ಪು ಬಾಯಿ ಬಿಡುತ್ತದೆ,
ಕರೆಂಟಿಗೆ ಕಳ್ಳದಾರಿ ತೋರಿಸುತ್ತದೆ.
"ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ ಮಾರಾಯ"
ಅನ್ನುತ್ತಾರೆ ಫೋರ್‌ಮನ್ ಮೊಯ್ದಿನಬ್ಬ, ಉಳ್ಳಾಲದವರು,
ಇಪ್ಪತ್ತಾರು ವರ್ಷದಿಂದ ಇಲ್ಲಿ
ಕಂಬಗಳಿಗೆ ನೀರು ಕುಡಿಸುವವರು.

ಆದರೆ ಎಂಥ ನೀರು!
ಸುಣ್ಣವಿಲ್ಲ, ಸವುಳಿಲ್ಲ, ಯಾವ ಊರಿನದೂ ಅಲ್ಲ.
ಬಂದ ಹೊಸತರಲ್ಲಿ ಒಂದು ಬೊಗಸೆ ಕುಡಿದಿದ್ದೆ,
ನಾಲಗೆಗೆ ಯಾರೂ ಬಂದಂತಾಗಲಿಲ್ಲ.
ಶಹಾಪುರದ ನಮ್ಮ ಓಣಿಯ ಬೋರಿನ ನೀರು
ಕೊಡದ ಕಂಠಕ್ಕೆ ಬಿಳಿ ಬಳೆ ತೊಡಿಸುತ್ತಿತ್ತು.
ಅದನ್ನೇನಾದರೂ ಇಲ್ಲಿ ಚಿಮ್ಮಿಸಿದರೆ
ಆ ಧಾರೆಯನ್ನೇ ಹಗ್ಗ ಮಾಡಿಕೊಂಡು
ನೂರ ಮೂವತ್ತೆರಡು ಸಾವಿರ ವೋಲ್ಟು
ನನ್ನ ಕೈಯ ಗನ್ನಿನ ತನಕ ಇಳಿದುಬಂದೀತು.

ಅದಕ್ಕೇ ಮೀಟರು.
ಒಬ್ಬ ಅದ್ದಿ ಓದಿ ಕೂಗಬೇಕು,
ಇನ್ನೊಬ್ಬ ನೋಡಿ ಮತ್ತೆ ಕೂಗಬೇಕು.
ಟ್ಯಾಂಕರಿಗೂ ಕಂಬದ ಕಾಲಿಗೂ ತಾಮ್ರದ ಗಂಟು ಬೀಳಬೇಕು.
ಗಾಳಿ ಎತ್ತ ಅಂತ ಚಿಂದಿ ಬಟ್ಟೆಯನ್ನು ಕೇಳಬೇಕು.
ಟೇಕ್ ಬಹಾದೂರನಿಗೆ ದೂರ ನಿಂತು ನೋಡುವುದೇ ಕೆಲಸ:
ರುಕೋ, ಬಸ್, ಖಲಾಸ್, ನಿಲ್ಲು,
ಯಾವ ಭಾಷೆಯಲ್ಲಿ ಕೂಗಿದರೂ ಪಂಪು ನಿಲ್ಲುತ್ತದೆ.

ಅಪ್ಪ ಕೆಇಬಿ ಲೈನ್‌ಮನ್ ಆಗಿದ್ದ.
ಒಣ ಬಿದಿರು, ಹವಾಯಿ ಚಪ್ಪಲಿ,
ಏರುವ ಮುಂಚೆ ಒಂದು ಚಿಟಿಕೆ ತಂಬಾಕು.
ಎಡಗೈಯ ಎರಡು ಬೆರಳು ಕಂಬಕ್ಕೆ ಕೊಟ್ಟು ಬಂದ ಮೇಲೂ
ತಂತಿಗೆ ನನ್ನ ಗುರುತಿದೆ ಅನ್ನುತ್ತಿದ್ದ.
ಇಲ್ಲಿ ತಂತಿಗೆ ಯಾರ ಗುರುತೂ ಇಲ್ಲ.
ನನಗದು ಸಮಾಧಾನ.

ಹೋದ ಮಂಗಳವಾರ ಮೀಟರಿನ ಅಂಕಿ ಮೂರು ಪಟ್ಟು.
ಮತ್ತೊಮ್ಮೆ ಅದ್ದಿದೆವು. ಮತ್ತೂ ಅದೇ.
ಫೋನಿನಲ್ಲಿ ಇಂಜಿನಿಯರ್ ವಜ್ದಿ:
ಈ ವಾರ ಹನ್ನೊಂದು ಟವರು ಮುಗಿಯಲೇಬೇಕು,
ಸ್ವಲ್ಪ ಹೆಚ್ಚುಕಡಿಮೆ, ಪರವಾಗಿಲ್ಲ.
ಮೊಯ್ದಿನಬ್ಬ ಮರುಮಾತಾಡಲಿಲ್ಲ.
ಫೋನು ಕಿಸೆಗೆ ಹಾಕಿಕೊಂಡು, ಬಗ್ಗಿ,
ಟ್ಯಾಂಕರಿನ ಹಿಂದಿನ ವಾಲ್ವು ತಿರುಗಿಸಿದರು.
ಹನ್ನೆರಡು ಸಾವಿರ ಲೀಟರು.
ಡ್ರೈವರ್ ಗುಲ್ ಜಮಾನ್ ಚಕ್ರಕ್ಕೆ ಒರಗಿ ಕೂತು
ಯಾರದೋ ಹೆಣ ಸಾಗಿದಂತೆ ನೋಡುತ್ತಿದ್ದ.
ಟೇಕ್ ಮಾತ್ರ ಬೂಟು ಬಿಚ್ಚಿ ಕಾಲು ತೊಳೆದುಕೊಂಡ.
ಗಿಡ ಹುಟ್ಟಲಿಲ್ಲ, ಹಕ್ಕಿ ಬರಲಿಲ್ಲ.
ನೀರು ಉಪ್ಪಿನೊಳಗೆ ಇಳಿದು ಉಪ್ಪಾಯಿತು.
ನಮ್ಮೆಲ್ಲರ ಒಂದು ದಿನದ ಪಗಾರ ಖೋತಾ.

ಇವತ್ತು ಅಂಕಿ ಸರಿಯಿದೆ.
ಇಬ್ಬನಿ ಆರಿದ ಮೇಲೆ ಶುರು, ಕೆಳಗಿನ ಬಿಲ್ಲೆಯಿಂದ.
ಮೇಲಿಂದ ತೊಳೆದರೆ ಕೊಳೆ ಸೋರಿ ಕೆಳಗೆ ಸೇತುವೆ ಕಟ್ಟುತ್ತದೆ.
ನೀರು ತಾಗಿದೊಡನೆ ಒಮ್ಮೆ ಬುಸ್ಸೆನ್ನುತ್ತದೆ,
ಕಂದು ಬಣ್ಣ ಹರಿದು ಹೋಗುತ್ತದೆ,
ಒಳಗಿನಿಂದ ಚಹಾ ಬಟ್ಟಲಿನ ಹೊಳಪು.
ಒಂದೊಂದೇ ಮೇಲೇರಿ, ಮತ್ತೆ ಇಳಿದು, ಮತ್ತೆ ಏರಿ,
ಕೊನೆಗೆ ಪಂಪು ನಿಂತಾಗ
ಎಲ್ಲರೂ ತಲೆ ಓರೆ ಮಾಡಿ ಆಲಿಸುತ್ತೇವೆ.
ಏನೂ ಇಲ್ಲ.
ಅದಕ್ಕೇ ನಮಗೆ ಸಂಬಳ, ಆ ಏನೂ ಇಲ್ಲದ್ದಕ್ಕೆ.

ಕ್ಯಾಂಪಿಗೆ ಬಂದು ಅಂಗಿ ಕಳಚಿದರೆ
ಬೆನ್ನಿನ ತುಂಬ ಬಿಳಿಯ ನಕಾಶೆ.
ನಲ್ಲಿ ತಿರುಗಿಸುತ್ತೇನೆ.
ಈ ಉಪ್ಪಿಗೆ ಯಾವ ನೀರಾದರೂ ನಡೆಯುತ್ತದೆ,
ಮೀಟರು ಅದ್ದುವವರಿಲ್ಲ.