ಕುಂಡದ ತೂಕ

ಬೀಜದ ಪೊಟ್ಟಣದ ಮೇಲೆ ಬರೆದದ್ದರ ಸಾರ ಇಷ್ಟೇ:
ಈ ಗಿಡ ಸೂರ್ಯನನ್ನು ಕೇಳುವುದಿಲ್ಲ.
ಬೇರೆ ಗಾಂಜಾ ಗಿಡಗಳಿಗೆ ಇರುಳು ಉದ್ದವಾಗಬೇಕು,
ಹನ್ನೆರಡು ಗಂಟೆ ಕಡುಗತ್ತಲು, ಒಂದು ಬಿರುಕೂ ಇಲ್ಲದ್ದು,
ಆಮೇಲಷ್ಟೇ ಹೂವಿನ ಯೋಚನೆ.
ಇದಕ್ಕೆ ಹಾಗಿಲ್ಲ. ತನ್ನ ವಯಸ್ಸು ತಾನೇ ಎಣಿಸಿಕೊಂಡು
ದಿನ ತುಂಬಿದಾಗ ಬಿಡುತ್ತದೆ.
ಅಂಗಡಿಯಲ್ಲಿ ಅದನ್ನೇ ಕೊಂಡೆ.
ಇಪ್ಪತ್ತೆರಡು ವರ್ಷದಿಂದ ರಾತ್ರಿ ಪಾಳಿ ನನ್ನದು.
ಹಗಲಿನ ಲೆಕ್ಕ ತಪ್ಪಿದವಳಿಗೆ
ಹಗಲಿನ ಲೆಕ್ಕ ಬೇಡದ ಗಿಡ.

ಥಂಡರ್ ಬೇ. ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಸುಪೀರಿಯರ್ ಸರೋವರ ಕಣ್ಣು ಹಾಯುವವರೆಗೂ ಕಲ್ಲಾಗಿತ್ತು.
ಮನೆಗೆ ನಾಲ್ಕು ಗಿಡ, ಕಾನೂನು ಬಿಟ್ಟದ್ದು ಅಷ್ಟು.
ನಾನು ಒಂದೇ ಹಾಕಿದೆ,
ಕೋಟು ತೂಗುಹಾಕುವ ಗೂಡಿನಲ್ಲಿ,
ಕೋಟುಗಳನ್ನೆಲ್ಲ ಒಂದು ಕುರ್ಚಿಗೆ ಹೊರಿಸಿ.

ಮೂರನೆಯ ದಿನ ಬೀಜ ಬಿರಿದು ಬಿಳಿ ಬೇರು ಇಣುಕಿತು,
ಮಗುವಿನ ವಸಡಿನಲ್ಲಿ ಮೊದಲ ಹಲ್ಲಿನಂತೆ.
ಆಮೇಲೆ ನಾನು ಮಾಡಿದ್ದೆಲ್ಲ ತಪ್ಪು.
ಕೆಲಸದಿಂದ ಬಂದೊಡನೆ ನೀರು.
ಮಲಗುವ ಮೊದಲು ನೀರು.
ಪಾಪ ಅನ್ನಿಸಿದಾಗ ನೀರು.
ಎಲೆಗಳು ಕೆಳಗೆ ಜೋತುಬಿದ್ದವು;
ಬಾಯಾರಿದೆ ಎಂದು ಇನ್ನೊಂದು ಲೋಟ.

ಪಕ್ಕದ ಮನೆಯ ವೈಕ್ಕೊ, ಎಂಬತ್ತರ ಹತ್ತಿರದವನು,
ಜೀವಮಾನದಲ್ಲಿ ಟೊಮೇಟೊ ಬಿಟ್ಟು ಬೇರೇನೂ ಬೆಳೆದವನಲ್ಲ,
ಹಿಮದ ಬೂಟು ಬಾಗಿಲಲ್ಲೇ ಕಳಚಿ ಒಳಗೆ ಬಂದ.
ಗೂಡಿಗೆ ತಲೆಹಾಕಿ ಮೂಗು ಮುರಿದ.
‘ಮುಳುಗಿಸಿ ಕೊಲ್ಲುತ್ತಿದ್ದೀಯ, ಡಾರ್ಲೀನ್.
ಮಣ್ಣು ನೋಡಬೇಡ. ಕುಂಡ ಎತ್ತಿ ನೋಡು.’

ಎತ್ತುವುದು! ನನಗೆ ಗೊತ್ತಿರುವ ವಿದ್ಯೆ ಅದೊಂದೇ.
ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ರಾತ್ರಿಯಿಡೀ
ಮೈಗಳನ್ನು ಎತ್ತುತ್ತೇನೆ, ಮಗ್ಗುಲು ಹೊರಳಿಸುತ್ತೇನೆ.
ಪಟ್ಟಿಯಲ್ಲಿ ಬರೆಯುವ ಮೊದಲೇ ತೋಳಿಗೆ ತಿಳಿಯುತ್ತದೆ
ನಿನ್ನೆಗಿಂತ ಯಾರು ಹಗುರಾದರು,
ಯಾರ ಕಾಲಲ್ಲಿ ನೀರು ತುಂಬುತ್ತಿದೆ ಎಂದು.
ಹಾಗೆಯೇ ಎತ್ತಿದೆ, ಒಂದು ಕೈ ಅಡಿಗೆ, ಒಂದು ಕೈ ಬೆನ್ನಿಗೆ.
ಭಾರ.
ಆರು ದಿನ ಕೈಕಟ್ಟಿ ಕೂತೆ, ಅದೇ ಕಷ್ಟದ ಕೆಲಸ.
ಏಳನೆಯ ದಿನ ಕುಂಡ ಹಗುರ, ಎಲೆ ನೆಟ್ಟಗೆ.

ಕುಂಡ ಬದಲಿಸುವ ಹಾಗಿಲ್ಲ, ತುದಿ ಚಿವುಟುವ ಧೈರ್ಯವಿಲ್ಲ;
ಚೇತರಿಸಿಕೊಳ್ಳಲು ಇದಕ್ಕೆ ಪುರುಸೊತ್ತಿಲ್ಲ.
ನನ್ನ ಕೈಗುಣಕ್ಕೆ ಮೊಣಕಾಲೆತ್ತರವೂ ಬಾರದ ಗಿಡ
ಮೂವತ್ತನಾಲ್ಕನೆಯ ದಿನ,
ನಾನಿನ್ನೂ ಕ್ಷಮೆ ಕೇಳುತ್ತಿರುವಾಗಲೇ,
ಗೆಣ್ಣುಗಳಲ್ಲಿ ಬಿಳಿ ಕೂದಲು ತೋರಿತು.
ನಾನು ಸಿದ್ಧಳಿರಲಿಲ್ಲ. ಅದು ಕೇಳಲೂ ಇಲ್ಲ.

ಫೆಬ್ರವರಿ ಮುಗಿಯುವಷ್ಟರಲ್ಲಿ ಕುರ್ಚಿಯ ಕೋಟುಗಳಿಗೂ ಘಾಟು.
ಬಸ್ಸಿನಲ್ಲಿ ಕಿವಿಗೆ ಬಳೆ ಹಾಕಿದ ಹುಡುಗನೊಬ್ಬ
ಮೂಸಿ, ತಿರುಗಿ, ನನ್ನ ನರೆಗೂದಲನ್ನು ಕಂಡು
ಮರ್ಯಾದೆಯಿಂದ ತಲೆಬಾಗಿಸಿದ.
ಅಷ್ಟು ಗೌರವ ಯಾವ ಸಮವಸ್ತ್ರಕ್ಕೂ ಸಿಕ್ಕಿರಲಿಲ್ಲ.

ಭೂತಗನ್ನಡಿಯಲ್ಲಿ ಹೂವಿನ ಮೈತುಂಬ ಅಂಟಿನ ಹನಿ:
ಮೊದಲು ಗಾಜು, ಆಮೇಲೆ ಹಾಲು,
ಕೊನೆಗೆ ಅಲ್ಲೊಂದು ಇಲ್ಲೊಂದು ಜೇನು.
ಎಂಬತ್ತೊಂದನೆಯ ದಿನ ಕತ್ತರಿ ಹಾಕಿದೆ.
ಒಣಗಿದ ಮೇಲೆ ಹದಿನೇಳು ಗ್ರಾಂ.
‘ಒಂದು ಟೊಮೇಟೊದ ತೂಕವೂ ಇಲ್ಲ’ ಎಂದ ವೈಕ್ಕೊ,
ಆದರೂ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತು ತಿರುಗಿಸಿದ.

ಸೊಂಟದ ನೋವಿಗೆಂದು ಬೆಳೆದದ್ದು.
ದಿನಕ್ಕೊಮ್ಮೆ ಮುಚ್ಚಳ ತೆರೆದು ಉಸಿರಾಡಿಸಿ ಮುಚ್ಚುತ್ತೇನೆ,
ಸೇದಿಲ್ಲ ಇನ್ನೂ.

ಬೆಳಿಗ್ಗೆ ಎಂಟಕ್ಕೆ ಪರದೆ ಎಳೆದು ಮಲಗುತ್ತೇನೆ.
ಇಷ್ಟು ದಿನ ಗೂಡಿನ ಬಾಗಿಲಡಿಯಿಂದ
ಬೆಳಕಿನ ಒಂದು ಗೆರೆ ನೆಲದ ಮೇಲೆ ಇರುತ್ತಿತ್ತು,
ಒಳಗೆ ಯಾರೋ ಪಾಳಿಯಲ್ಲಿದ್ದಾರೆ ಎನ್ನುವ ಹಾಗೆ.
ಈಗ ಅದಿಲ್ಲ. ನಿದ್ದೆ ಹತ್ತುವುದಿಲ್ಲ.
ಎದ್ದು ಹೋಗಿ ಗಿಡವಿಲ್ಲದ ಕುಂಡ ಎತ್ತಿ ನೋಡುತ್ತೇನೆ:
ಒಣಮಣ್ಣು, ಒಳಗೆ ಬೇರು,
ಅಷ್ಟೇನೂ ಹಗುರವಲ್ಲ.