ಅಡ್ಡಹೆಸರು

ಪೀಣ್ಯ ಎರಡನೇ ಹಂತ, ತಗಡಿನ ಶೆಡ್ಡು.
ನಾನು ಲೇತಿನಲ್ಲಿ ಕಡೆದ ಮೊದಲ ಬುಶ್ಶು
ಕೂದಲೆಳೆಯಷ್ಟು ಸಡಿಲ.
ವೀರಭದ್ರಾಚಾರ್ರು ಅದನ್ನು ಮೋರಿಗೆಸೆದು
ನನಗೊಂದು ಹೆಸರಿಟ್ಟರು: ಚೈನಾ.

ಆಗೆಲ್ಲ ಹಾಗೇ.
ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಕೊಂಡ ಟಾರ್ಚು
ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಕುರುಡು.
ಗೊಂಬೆಯ ಕಾಲು, ಛತ್ರಿಯ ಕಡ್ಡಿ, ನನ್ನ ಕೈಕೆಲಸ,
ಎಲ್ಲಕ್ಕೂ ಒಂದೇ ಬೈಗುಳ.
"ಲೇ ಚೈನಾ, ಬೈ ಟು ಕಾಫಿ ತಾರೋ!"

ಮೊನ್ನೆ ಬಂದಿದ್ದರು, ನನ್ನ ಶೆಡ್ಡಿಗೆ.
ಕಂತು ತೀರದ ಹೊಸ ಯಂತ್ರ,
ಅದರ ಬಾಗಿಲಲ್ಲಿ ನಮಗಾರಿಗೂ ಓದಲು ಬಾರದ ಅಕ್ಷರ,
ಅಕ್ಷರದ ಮೇಲೆ ಆಯುಧಪೂಜೆಯ ವಿಭೂತಿ, ಮೂರು ಗೆರೆ.
ಕಿಸೆಯಿಂದ ತಮ್ಮದೇ ಮೈಕ್ರೋಮೀಟರ್ ತೆಗೆದು
ಬುಶ್ಶು ಅಳೆದರು.
ಒರೆಸಿ ಅಳೆದರು.
ಬಿಸಿಯಿದ್ದೀತೆಂದು ಆರಲು ಬಿಟ್ಟು, ಟೀ ಕುಡಿದು,
ಮತ್ತೆ ಅಳೆದರು.

"ಇದಕ್ಕೇ ವಯಸ್ಸಾಗಿರಬೇಕು" ಅಂತ
ಮೈಕ್ರೋಮೀಟರನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

ಬುಶ್ಶು ಮಾತ್ರ ಕಿಸೆಗಿಳಿಯಿತು.
ಬಾಗಿಲ ಬಳಿ ಚಪ್ಪಲಿ ತಡಕುತ್ತ
ಅಭ್ಯಾಸಬಲದಿಂದ ಕೂಗಿದರು: "ಲೇ ಚೈನಾ!"

ಹೋದ ವಾರವಷ್ಟೇ ಸೇರಿದ ಹುಡುಗ
ಯಂತ್ರವನ್ನು ಕರೆದರೇನೋ ಎಂದುಕೊಂಡು
ಅದರ ಕಡೆ ತಿರುಗಿ ನೋಡಿದ.